ತವರಿನ ಪಾಲು: ಶಾಸ್ತ್ರ ಹೇಳಿದ್ದು, ಕಾನೂನು ಕೊಟ್ಟದ್ದು

ಕೋಲಾರ ಜಿಲ್ಲೆಯ ಮಾಲೂರು, ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳು ಬಂದ ಮೇಲೆ ಜಮೀನಿನ ಬೆಲೆ ಏರಿತು. ಅದರ ಜೊತೆಗೆ ಅಕ್ಕತಂಗಿಯರ ಸಹಿಗೂ ಬೆಲೆ ಬಂತು. ಪಿತ್ರಾರ್ಜಿತ ಜಮೀನು ಕೊಳ್ಳುವವರು ಈಗ ಮೊದಲು ಕೇಳುವುದು ವಂಶವೃಕ್ಷ. ಹೆಣ್ಣುಮಕ್ಕಳೆಲ್ಲ ಒಪ್ಪಿದ್ದಾರಾ ಅನ್ನುವುದು ಎರಡನೇ ಪ್ರಶ್ನೆ. ಕೆಲವರು ಹಕ್ಕು ಬಿಡುಗಡೆ ಪತ್ರಕ್ಕೆ ಸುಮ್ನೆ ಸಹಿ ಹಾಕಿ, ಸೀರೆ ಉಟ್ಟು, ಊಟ ಮಾಡಿ ಹೋಗುತ್ತಾರೆ. ಕೆಲವರು ದಾವೆ ಹೂಡುತ್ತಾರೆ. ಹೂಡಿದವಳಿಗೆ ಊರಲ್ಲಿ ಹೇಳುವ ಗಾದೆ ಸಿದ್ಧವಾಗಿಯೇ ಇರುತ್ತದೆ: ಕೊಟ್ಟ ಹೆಣ್ಣು ಕುಲಕ್ಕೆ ಹೊರಗು.

ಈ ಗಾದೆಯ ಹಿಂದೆ ಇರುವುದು ಧರ್ಮದ ನಂಬಿಕೆ. ಕನ್ಯಾದಾನವಾದ ಮೇಲೆ ಮಗಳು ಬೇರೆ ಮನೆಯವಳು ಅನ್ನುವ ನಂಬಿಕೆ. ಅದು ಸಿವಿಲ್ ಕಾನೂನಿಗೂ ಆಧಾರವಾಗಬೇಕಾ? ಏಕರೂಪ ನಾಗರಿಕ ಸಂಹಿತೆಯ ಮಾತು ಬಂದಾಗಲೆಲ್ಲ ಏಳುವ ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ತುಂಬಾ ಹಳೆಯ ಚರಿತ್ರೆ ಇದೆ.

ದೇಶದ ಬಹುಭಾಗದಲ್ಲಿ ನಡೆದ ಹಿಂದೂ ಆಸ್ತಿ ಕಾನೂನಿನ ಬೇರು ಇರುವುದು ಕನ್ನಡ ನಾಡಿನಲ್ಲೇ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಹುಟ್ಟಿನಿಂದಲೇ ಗಂಡುಮಗನಿಗೆ ಪಾಲು ಅನ್ನುವ ನಿಯಮ ಅಲ್ಲಿಂದ ಬಂದದ್ದು. ಆದರೆ ಅದೇ ಗ್ರಂಥದಲ್ಲಿ ಇನ್ನೆರಡು ಮಾತುಗಳಿವೆ. ಮದುವೆಯಾಗದ ಮಗಳಿಗೆ, ಅವಳು ಗಂಡಾಗಿದ್ದರೆ ಸಿಗುತ್ತಿದ್ದ ಪಾಲಿನ ಕಾಲುಭಾಗ ಸಿಗಬೇಕು. ಅದು ಬರೀ ಮದುವೆ ಖರ್ಚಲ್ಲ, ಪಾಲೇ ಎಂದು ವಿಜ್ಞಾನೇಶ್ವರ ವಾದ ಮಾಡುತ್ತಾನೆ. ಎರಡನೆಯದು ಇನ್ನೂ ದೊಡ್ಡದು. ಹಿರಿಯ ಮಗನಿಗೆ ಜಾಸ್ತಿ ಪಾಲು ಕೊಡಲು ಶಾಸ್ತ್ರದಲ್ಲಿ ಅವಕಾಶವಿತ್ತು. ಇದ್ದರೇನು, ಜನ ದ್ವೇಷಿಸುವುದನ್ನು ಆಚರಿಸಬಾರದು ಎಂದು ಸ್ಮೃತಿಯ ಮಾತನ್ನೇ ಎತ್ತಿ ಹೇಳಿ ಅವನು ಅದನ್ನು ಪಕ್ಕಕ್ಕಿಟ್ಟ. ಶಾಸ್ತ್ರದಲ್ಲಿದೆ ಅನ್ನುವುದೊಂದೇ ಸಾಲದು ಎಂದು ಶಾಸ್ತ್ರಕಾರನೇ ಒಪ್ಪಿದ್ದಾನೆ, ಅಲ್ವಾ?

ಊರಿನ ರೂಢಿ ಈ ಕಾಲುಭಾಗವನ್ನು ಮರೆಯಿತು. ಎಲ್ಲೋ ಕೆಲವರು ಅರಿಶಿನ ಕುಂಕುಮಕ್ಕೆಂದು ಮಗಳಿಗೆ ತುಂಡು ಜಮೀನು ಬರೆದುಕೊಟ್ಟರು, ಅಷ್ಟೇ. ಇನ್ನು ಬ್ರಿಟಿಷರು. 1772ರಲ್ಲಿ ಬಂಗಾಳದ ಗವರ್ನರ್ ವಾರನ್ ಹೇಸ್ಟಿಂಗ್ಸ್ ಮದುವೆ, ಆಸ್ತಿಯ ವಿಚಾರದಲ್ಲಿ ಹಿಂದೂಗಳಿಗೆ ಶಾಸ್ತ್ರ, ಮುಸ್ಲಿಮರಿಗೆ ಕುರಾನ್ ಎಂದು ಗೆರೆ ಎಳೆದ. ಆಮೇಲೆ 1868ರಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಲಂಡನ್ನಿನಲ್ಲಿದ್ದ ಕೊನೆಯ ಮೇಲ್ಮನವಿ ಕೋರ್ಟು, ರೂಢಿ ಸ್ಪಷ್ಟವಾಗಿ ಸಾಬೀತಾದರೆ ಗ್ರಂಥಕ್ಕಿಂತ ಅದೇ ಮೇಲು ಎಂದಿತು. ಧರ್ಮದ ಹೆಸರಿನಲ್ಲಿ ಕೋರ್ಟಿಗೆ ಬಂದದ್ದರಲ್ಲಿ ಎಷ್ಟು ಶಾಸ್ತ್ರ, ಎಷ್ಟು ರೂಢಿ ಎಂದು ಬಿಡಿಸುವುದೇ ಕಷ್ಟವಾಯಿತು.

ಮೈಸೂರು ಸಂಸ್ಥಾನ ಬೇರೆ ದಾರಿ ಹಿಡಿಯಿತು. ತುಮಕೂರು, ಕೋಲಾರ ಎರಡೂ ಅದರ ಜಿಲ್ಲೆಗಳು. ಚಿಕ್ಕಬಳ್ಳಾಪುರ ಆಗ ಕೋಲಾರದೊಳಗೇ ಇತ್ತು. 1894ರಲ್ಲಿ ಸಂಸ್ಥಾನ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ನಿಲ್ಲಿಸಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದಕ್ಕೂ ತಡೆ ಹಾಕಿತು. ಇವತ್ತು ಅದನ್ನು ಓದಿದರೆ 'ಬರೀ ಎಂಟೇ?' ಅನ್ನಿಸುತ್ತದೆ. ಆಗ ಅದೇ ದೊಡ್ಡ ಗಲಾಟೆ.

ನಿಜವಾದ ಹೆಜ್ಜೆ ಬಂದದ್ದು 1933ರಲ್ಲಿ, ಹಿಂದೂ ಕಾನೂನಿನಲ್ಲಿ ಮಹಿಳೆಯರ ಹಕ್ಕುಗಳ ಕಾಯ್ದೆಯಾಗಿ. ಪಾಲಾಗುವಾಗ ಮದುವೆಯಾಗದ ಮಗಳಿಗೆ ಅಣ್ಣತಮ್ಮಂದಿರ ಪಾಲಿನ ಕಾಲುಭಾಗ ಕೊಡಬೇಕು ಎಂದಿತು. ವಿಧವೆಗೂ ತಾಯಿಗೂ ಪಾಲಿಟ್ಟಿತು. ಮಿತಾಕ್ಷರದ ಕಾಲುಭಾಗವೇ ತಿರುಗಿ ಬಂತು ನೋಡಿ, ಈ ಸಲ ಶಾಸನಸಭೆಯ ಮೂಲಕ. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಗೆ ಪಾಲು ಸಿಗಲು 1937 ಬರಬೇಕಾಯಿತು. ಮಗಳಿಗೆ ಆಗಲೂ ಇಲ್ಲ. ಅಂದರೆ ಗೌರಿಬಿದನೂರಿನ ಮಗಳಿಗಿದ್ದ ಹಕ್ಕು, ಗಡಿ ದಾಟಿದರೆ ಮದ್ರಾಸಿಗೆ ಸೇರಿದ್ದ ಹಿಂದೂಪುರದ ಮಗಳಿಗೆ ಇರಲಿಲ್ಲ. ಇಬ್ಬರದೂ ಒಂದೇ ಧರ್ಮ, ಒಂದೇ ಮಿತಾಕ್ಷರ.

ಸ್ವಾತಂತ್ರ್ಯದ ನಂತರ, ಹಿಂದೂಗಳ ಮದುವೆ, ಆಸ್ತಿಯ ಕಾನೂನನ್ನು ತಿದ್ದಲು ಹೊರಟ ಹಿಂದೂ ಕೋಡ್ ಮಸೂದೆಗೆ ಧರ್ಮದ ಹೆಸರಿನಲ್ಲೇ ತಡೆ ಬಂತು. ಅದನ್ನು ಮಂಡಿಸಿದ್ದ ಕಾನೂನು ಸಚಿವ ಅಂಬೇಡ್ಕರ್ 1951ರಲ್ಲಿ ಸಚಿವ ಸ್ಥಾನ ಬಿಟ್ಟರು. 1956ರಲ್ಲಿ ಉತ್ತರಾಧಿಕಾರ ಕಾಯ್ದೆ ಬಂದರೂ ಗಂಡುಮಕ್ಕಳ ಹುಟ್ಟುಹಕ್ಕು ಉಳಿಯಿತು. ಒಂಬತ್ತು ಎಕರೆ ಪಿತ್ರಾರ್ಜಿತ ಜಮೀನು, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಅಂದುಕೊಳ್ಳಿ. ತಾಯಿ ಇಲ್ಲ. ತಂದೆ ಸತ್ತರೆ ಮೊದಲು ತಂದೆಗೆ ಮೂರು, ಗಂಡುಮಕ್ಕಳಿಗೆ ಮೂರು ಮೂರು ಎಕರೆ ಎಂದು ಲೆಕ್ಕ ಹಾಕುತ್ತಿದ್ದರು. ಆಮೇಲೆ ತಂದೆಯ ಮೂರನ್ನು ಮೂವರಿಗೆ ಹಂಚುತ್ತಿದ್ದರು. ಗಂಡುಮಕ್ಕಳಿಗೆ ನಾಲ್ಕು ನಾಲ್ಕು, ಮಗಳಿಗೆ ಒಂದು.

ಇದನ್ನು ಸರಿಮಾಡಲು ಆಂಧ್ರ 1985ರಲ್ಲೇ ಮುಂದಾಯಿತು. ಅಷ್ಟರಲ್ಲಿ ಹಿಂದೂಪುರ ಆಂಧ್ರದೊಳಗಿತ್ತು, ಹಾಗಾಗಿ ಈ ಸಲ ಅಲ್ಲಿಯ ಮಗಳು ಮುಂದೆ, ನಮ್ಮವಳು ಹಿಂದೆ. ಕರ್ನಾಟಕದ ತಿದ್ದುಪಡಿ ಜಾರಿಯಾದದ್ದು 1994ರ ಜುಲೈ 30ಕ್ಕೆ. ಮಗಳಿಗೂ ಸಮಪಾಲು ಎಂದಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 1993ರಲ್ಲಿ ಮದುವೆಯಾದ ಅಕ್ಕನಿಗೆ ಇಲ್ಲ, 1995ರಲ್ಲಾದ ತಂಗಿಗೆ ಇದೆ. ಗಾದೆಯೇ ಕಾಯ್ದೆಯೊಳಗೆ ಬಂದು ಕೂತಿತ್ತು ಎಂದೇ ನನಗೆ ಅನ್ನಿಸುವುದು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಈ ಭೇದ ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈಗ ಅದೇ ಒಂಬತ್ತು ಎಕರೆಯಲ್ಲಿ ಮೂವರಿಗೂ ಮೂರು ಮೂರು.

ಹಾಗಾದರೆ ಧರ್ಮವನ್ನು ಪೂರ್ತಿ ಹೊರಗಿಟ್ಟೆವಾ? ಇಲ್ಲ. ಕೆಜಿಎಫ್‌ನ ಒಂದೇ ಬೀದಿಯಲ್ಲಿ ಹಿಂದೂ ಮಗಳಿಗೆ ಒಂದು ಕಾನೂನು. ಕ್ರೈಸ್ತ ಮಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಸಮಪಾಲು. ಮುಸ್ಲಿಂ ಮಗಳಿಗೆ ಕುರಾನ್ ಹೇಳಿದಂತೆ ಮಗನ ಅರ್ಧ. ಆ ಅರ್ಧ ನಿಗದಿಯಾದದ್ದು ಏಳನೇ ಶತಮಾನದಲ್ಲಿ ಅನ್ನುವುದು ನೆನಪಿರಲಿ. ಒಂದು ಕಾಲದಲ್ಲಿ ಹೆಣ್ಣಿಗೆ ಕೊಟ್ಟ ಧರ್ಮವೇ, ಇನ್ನೊಂದು ಕಾಲದಲ್ಲಿ 'ಇಷ್ಟೇ' ಎಂದು ತಡೆಯುತ್ತದೆ. ಹಾಗಾಗಿ ಧರ್ಮದಿಂದ ಬಂತು ಅಂತ ಒಂದು ನಿಯಮವನ್ನು ಎಸೆಯಬೇಕಿಲ್ಲ. ಅಷ್ಟಕ್ಕೇ ಇಟ್ಟುಕೊಳ್ಳಲೂ ಬೇಕಿಲ್ಲ. ಪಾಲು ಕಳೆದುಕೊಳ್ಳುವವಳಿಗೆ ಕಾರಣ ಹೇಳಲು ಆಗುತ್ತದಾ ಎಂದು ನೋಡಬೇಕು. ವಿಜ್ಞಾನೇಶ್ವರ ಕಿರಿಯ ಮಕ್ಕಳ ವಿಚಾರದಲ್ಲಿ ನೋಡಿದ್ದೂ ಹೆಚ್ಚುಕಡಿಮೆ ಅದನ್ನೇ.

ಒಂದು ಬಾಗಿಲು ಮಾತ್ರ ಇನ್ನೂ ತೆರೆದೇ ಇದೆ: ಉಯಿಲು. ಹಿಂದೂ ತಂದೆ ತನ್ನ ಸ್ವಯಾರ್ಜಿತವನ್ನಷ್ಟೇ ಅಲ್ಲ, ಪಿತ್ರಾರ್ಜಿತದಲ್ಲಿ ತನಗೆ ಬರುವ ಪಾಲನ್ನೂ ಪೂರ್ತಿ ಮಗನಿಗೇ ಬರೆಯಬಹುದು. ಇಸ್ಲಾಂ ಕಾನೂನಿನಲ್ಲಿ ವಾರಸುದಾರರು ಒಪ್ಪದೆ ಉಯಿಲು ಆಸ್ತಿಯ ಮೂರನೇ ಒಂದು ಭಾಗ ದಾಟುವಂತಿಲ್ಲ. ಗೋವಾದಲ್ಲಿ ಅರ್ಧ ಆಸ್ತಿ ಮಕ್ಕಳಿಗೇ ಮೀಸಲು. ಎಲ್ಲರಿಗೂ ಒಂದೇ ಕಾನೂನು ಬರುವುದಾದರೆ ಇವುಗಳಲ್ಲಿ ಯಾವುದು ಉಳಿಯಬೇಕು? ಟಿವಿ ಚರ್ಚೆಗಳಲ್ಲಿ ಬಹುಪತ್ನಿತ್ವದ ಮಾತು ಬೇಕಾದಷ್ಟು ಕೇಳುತ್ತೇವೆ. ಉಯಿಲಿನ ಮಾತು ಎತ್ತುವವರು ಅಪರೂಪ.