ಗಾಳಿ ಲೆಕ್ಕ ತಪ್ಪಿದರೆ ರಸ್ತೆಗೆ ದುಡ್ಡಿಲ್ಲ

ಅಮೆರಿಕದ ಒಂದು ಪ್ರಾದೇಶಿಕ ಸಾರಿಗೆ ಯೋಜನಾ ಕಚೇರಿಯಲ್ಲಿ ನನ್ನ ಕೆಲಸ. ಫೋನ್ ಮಾಡಿದಾಗೆಲ್ಲ ಅಪ್ಪನದ್ದು ಒಂದೇ ಪ್ರಶ್ನೆ: "ಲೋ, ನೀನು ರಸ್ತೆ ಇಲಾಖೇನೋ, ಗಾಳಿ ಇಲಾಖೇನೋ?" ಎರಡೂ ಹೌದು ಅಂದರೆ ನಗುತ್ತಾರೆ.

ಇಲ್ಲಿ 50,000ಕ್ಕಿಂತ ಜಾಸ್ತಿ ಜನರಿರುವ ಪ್ರತಿ ನಗರ ಪ್ರದೇಶಕ್ಕೂ ಇಂಥ ಒಂದು ಕಚೇರಿ ಇರಲೇಬೇಕು. ಕೆಲಸ ಮುಖ್ಯವಾಗಿ ಎರಡು ದಾಖಲೆಗಳದ್ದು. ಒಂದು, ಕನಿಷ್ಠ 20 ವರ್ಷದ ಸಾರಿಗೆ ಯೋಜನೆ. ಇನ್ನೊಂದು, 4 ವರ್ಷದ ಕಾಮಗಾರಿ ಪಟ್ಟಿ. ಪಟ್ಟಿಯಲ್ಲಿ ಇಲ್ಲದ ದೊಡ್ಡ ರಸ್ತೆಗೆ ಕೇಂದ್ರದ ದುಡ್ಡು ಬರುವುದಿಲ್ಲ.

ಗಾಳಿ ನುಗ್ಗುವುದು ಇಲ್ಲೇ. ಉಸಿರಾಡುವ ಗಾಳಿಯಲ್ಲಿ ಓಝೋನ್ ಅಥವಾ ಸಣ್ಣ ಕಣಗಳ ಮಿತಿ ಮೀರಿದ ಊರಾದರೆ, ವಾಹನಗಳ ಹೊಗೆಗೆ ಒಂದು ಬಜೆಟ್ ಇರುತ್ತದೆ: ದಿನಕ್ಕೆ ಇಷ್ಟು ಟನ್, ಅಷ್ಟೇ. ನಮ್ಮ ಪಟ್ಟಿಯ ರಸ್ತೆಗಳೆಲ್ಲ ಕಟ್ಟಿ ಮುಗಿದ ಮೇಲೂ ಹೊಗೆ ಆ ಬಜೆಟ್‌ನೊಳಗೇ ಇರುತ್ತದೆ ಅಂತ ನಾವು ಮೊದಲೇ ತೋರಿಸಬೇಕು. ಈ ನಿಯಮಕ್ಕೆ ಹಲ್ಲು ಬಂದದ್ದು 1990ರ ಶುದ್ಧ ಗಾಳಿ ಕಾಯ್ದೆಯ ತಿದ್ದುಪಡಿಯಿಂದ.

ಲೆಕ್ಕ ಹಾಕುವುದು ಮೂವ್ಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ. ಎಷ್ಟು ಗಾಡಿ, ಯಾವ ವೇಗ, ಎಷ್ಟು ಹಳೇದು, ಹೊರಗೆ ಬಿಸಿಲೆಷ್ಟು, ಎಲ್ಲವನ್ನೂ ಅದಕ್ಕೆ ಉಣಿಸಬೇಕು. ಒಮ್ಮೆ ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ನೋಡಿದರೆ ಬಜೆಟ್‌ಗಿಂತ ಮುಕ್ಕಾಲು ಟನ್ ಜಾಸ್ತಿ. ಎದೆ ಧಸಕ್ ಅಂತು. ಎರಡು ದಿನ ಹುಡುಕಿದ ಮೇಲೆ ಗೊತ್ತಾಯ್ತು, ಗಾಡಿಗಳ ವಯಸ್ಸಿನ ಫೈಲು ಹಳೇ ವರ್ಷದ್ದು. ಗುಜರಿಗೆ ಹೋದ ಕಾರುಗಳು ನಮ್ಮ ಕಂಪ್ಯೂಟರ್‌ನಲ್ಲಿ ಇನ್ನೂ ಓಡಾಡುತ್ತಿದ್ದವು.

ಆ ಫೈಲಲ್ಲೇ ಇನ್ನೊಂದು ಗುಟ್ಟೂ ಇದೆ. ನಮ್ಮ ಲೆಕ್ಕ ಪಾಸಾಗೋದರಲ್ಲಿ ಯೋಜನೆಯ ಜಾಣತನಕ್ಕಿಂತ ಹೊಸ ಇಂಜಿನ್‌ಗಳ ಪಾಲೇ ದೊಡ್ಡದು. ಹಳೇ ಕಾರು ಹೋಗಿ ಹೊಸದು ಬಂದಂತೆ ಅಂಕಿ ತಾನಾಗಿಯೇ ಇಳಿಯುತ್ತದೆ. ಸಭೆಗಳಲ್ಲಿ ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ!

ಲೆಕ್ಕ ಕೂಡದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಅಟ್ಲಾಂಟಾ ಇದೆ. 13 ಕೌಂಟಿಗಳ (ನಮ್ಮ ಜಿಲ್ಲೆಗಳ ಥರ) ಆ ಪ್ರದೇಶ ಓಝೋನ್ ಮಿತಿ ಮೀರಿತ್ತು. 1998ರ ಜನವರಿಯಲ್ಲಿ ಅದರ ಯೋಜನೆಯ ಮಾನ್ಯತೆ ಮುಗಿಯಿತು. ಹೊಸದು ಬಜೆಟ್‌ನೊಳಗೆ ಕೂರಲಿಲ್ಲ. ರಿಪೇರಿ, ಸುರಕ್ಷತೆ, ಬಸ್ಸು, ರೈಲು ಇಂಥವಕ್ಕೆ ವಿನಾಯಿತಿ ಇತ್ತು, ಹೊಸ ರಸ್ತೆಗೆ ಇಲ್ಲ; ಅದಕ್ಕೆ ಬೀಗ ಬಿತ್ತು. "ಇವಕ್ಕೆ ಮೊದಲೇ ಒಪ್ಪಿಗೆ ಸಿಕ್ಕಿತ್ತು" ಅಂತ ಒಂದಿಷ್ಟು ರಸ್ತೆಗಳನ್ನು ದಾಟಿಸಲು ನೋಡಿದರು. ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು. ಅಂಥ ದಾರಿ ಕೊಟ್ಟಿದ್ದ ನಿಯಮವನ್ನೇ 1999ರ ಮಾರ್ಚ್‌ನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ತಳ್ಳಿಹಾಕಿತು. ಅದೇ ವರ್ಷ ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದ ಗವರ್ನರ್ ರಾಯ್ ಬಾರ್ನ್ಸ್ ಇಡೀ ಪ್ರದೇಶಕ್ಕೆ ಒಂದು ಸಾರಿಗೆ ಪ್ರಾಧಿಕಾರ ತಂದರು. ಬೀಗ ತೆಗೆದದ್ದು 2000ದ ಜುಲೈಯಲ್ಲಿ.

ಇನ್ನು ಗಾಳಿ ಸುಧಾರಿಸಲಿಕ್ಕೇ ಅಂತ 1991ರಿಂದ ಸೀಮ್ಯಾಕ್ ಎಂಬ ನಿಧಿ ಇದೆ. ಖರ್ಚಿನ ಶೇ. 80ರಷ್ಟನ್ನು ಸಾಮಾನ್ಯವಾಗಿ ಕೇಂದ್ರ ಕೊಡುತ್ತದೆ. ಸಿಗ್ನಲ್ ಹೊಂದಿಸೋದು, ಬಸ್, ಸೈಕಲ್ ದಾರಿ ಎಲ್ಲ ಆಗುತ್ತದೆ. ಒಬ್ಬೊಬ್ಬರೇ ಕೂತು ಹೋಗುವ ಕಾರಿಗಾಗಿ ಹೊಸ ಲೇನ್ ಮಾತ್ರ ಕೂಡದು. ಒಳ್ಳೇ ನಿಧಿಯೇ. ಆದರೆ ಚುನಾಯಿತರು ಸಭೆಗೆ ಸರಿಯಾದ ಹೊತ್ತಿಗೆ ಬರೋದು ಈ ದುಡ್ಡಿಗಾಗಿ ಅಲ್ಲ, ಆ ಬೀಗದ ಭಯಕ್ಕೆ.

ಅಪ್ಪ ಬೆಂಗಳೂರಿನ ಬಗ್ಗೆಯೂ ಕೇಳುತ್ತಾರೆ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ನಾಲ್ಕೂ ಇವೆ. ದೇಶದಲ್ಲಿ ಆ ದುಡ್ಡಿನ ದೊಡ್ಡ ಪಾಲು ರಸ್ತೆ ಧೂಳು ತೆಗೆಯೋದಕ್ಕೇ ಹೋಗಿದೆ. ಧೂಳು ಗುಡಿಸುವ ಗಾಡಿಗೆ ಒಂದು ಕಡೆಯಿಂದ ದುಡ್ಡು, ಫ್ಲೈಓವರ್‌ಗೆ ಇನ್ನೊಂದು ಕಡೆಯಿಂದ. ಒಂದರ ಲೆಕ್ಕ ತಪ್ಪಿತು ಅಂತ ಇನ್ನೊಂದು ನಿಲ್ಲುವುದಿಲ್ಲ.

"ಅಂದ್ರೆ ಇಲ್ಲಿ ಬೀಗಾನೇ ಇಲ್ಲ ಅನ್ನು" ಅಂದರು ಅಪ್ಪ. ಹೂಂ ಅಂದೆ.