ಸರ್ಕಾರದ ಗುಟ್ಟು ತಿಳಿದವರು ಷೇರು ಮಾರಿದರೆ ಶಿಕ್ಷೆ ಏಕಾಗುವುದಿಲ್ಲ?

ಓದುಗರ ಪ್ರಶ್ನೆ: ಕಂಪನಿಯ ಒಳಗುಟ್ಟು ತಿಳಿದು ಷೇರು ವ್ಯವಹಾರ ನಡೆಸಿದ ನೌಕರನಿಗೆ ದಂಡ, ಜೈಲು ಎರಡೂ ಉಂಟು. ಸರ್ಕಾರದ ಗುಟ್ಟು ತಿಳಿದ ಅಧಿಕಾರಿ, ಜನಪ್ರತಿನಿಧಿಗಳು ಅದನ್ನೇ ಮಾಡಿದರೆ ಕಾನೂನು ಸುಮ್ಮನಿರುತ್ತದೆಯೇ?

ಕಾನೂನು ಇದೆ. ಆರೋಪ ಸಾಬೀತುಪಡಿಸುವುದು ಮಾತ್ರ ಬಹಳ ಕಷ್ಟ. ಅಮೆರಿಕದಲ್ಲಿ ಆದದ್ದನ್ನು ನೋಡಿದರೆ ಏಕೆಂದು ತಿಳಿಯುತ್ತದೆ.

2012ರ ಸ್ಟಾಕ್ ಆ್ಯಕ್ಟ್ ಎಂಬ ಕಾನೂನು, ಇನ್‌ಸೈಡರ್ ಟ್ರೇಡಿಂಗ್ (ಒಳಗುಟ್ಟು ಬಳಸಿ ಷೇರು ವ್ಯವಹಾರ ನಡೆಸುವುದು) ನಿಷೇಧ ಸಂಸದರಿಗೂ ಅವರ ಸಿಬ್ಬಂದಿಗೂ ಅನ್ವಯಿಸುತ್ತದೆ ಎಂದು ಸ್ಪಷ್ಟಪಡಿಸಿತು. ವಹಿವಾಟನ್ನು 45 ದಿನಗಳೊಳಗೆ ಬಹಿರಂಗಪಡಿಸಬೇಕು. ತಡವಾದರೆ ದಂಡ 200 ಡಾಲರ್. ಲಕ್ಷಗಟ್ಟಲೆ ಡಾಲರ್ ಆಡಿಸುವವರಿಗೆ ಇದು ಯಾವ ಲೆಕ್ಕ? ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಆ ಮಸೂದೆಯ ವಿರುದ್ಧ ಮತ ಹಾಕಿದ ಮೂವರಲ್ಲಿ ರಿಚರ್ಡ್ ಬರ್ ಒಬ್ಬರು.

2020ರ ಫೆಬ್ರವರಿಯಲ್ಲಿ ಅವರು ಸೆನೆಟ್‌ನ ಗುಪ್ತಚರ ಸಮಿತಿಯ ಅಧ್ಯಕ್ಷರು. ಕೋವಿಡ್‌ನಂಥ ಸಾಂಕ್ರಾಮಿಕ ರೋಗವನ್ನು ಎದುರಿಸಲು ದೇಶ ಹಿಂದೆಂದಿಗಿಂತ ಹೆಚ್ಚು ಸಜ್ಜಾಗಿದೆ ಎಂದು 7ರಂದು ಸಹೋದ್ಯೋಗಿಯೊಬ್ಬರ ಜೊತೆ ಲೇಖನ ಬರೆದರು. 13ರಂದು 33 ವಹಿವಾಟುಗಳಲ್ಲಿ 6.28 ಲಕ್ಷದಿಂದ 17.2 ಲಕ್ಷ ಡಾಲರ್ ಮೌಲ್ಯದ ಷೇರುಗಳನ್ನು ಮಾರಿದರು. ವಾರ ಕಳೆಯುವಷ್ಟರಲ್ಲಿ ಷೇರುಪೇಟೆಯ ಕುಸಿತ ಆರಂಭವಾಯಿತು. ಸಾರ್ವಜನಿಕವಾಗಿದ್ದ ಟಿವಿ ಸುದ್ದಿ ನೋಡಿಯೇ ಮಾರಿದೆ ಎಂದು ಬರ್ ಹೇಳಿದರು. ನ್ಯಾಯ ಇಲಾಖೆ 2021ರ ಜನವರಿಯಲ್ಲಿ, ಷೇರುಪೇಟೆಯ ನಿಯಂತ್ರಣ ಸಂಸ್ಥೆ 2023ರ ಜನವರಿಯಲ್ಲಿ, ಮೊಕದ್ದಮೆ ಹೂಡದೆಯೇ ತನಿಖೆ ಮುಗಿಸಿದವು. ಅವರನ್ನು ತಪ್ಪಿತಸ್ಥರೆಂದು ಯಾರೂ ಕರೆಯುವಂತಿಲ್ಲ. ಆದರೆ ಗುಪ್ತ ವರದಿಯೂ ಬೆಳಗಿನ ಸುದ್ದಿಯೂ ಒಂದೇ ತಲೆಯೊಳಗೆ ಸೇರಿಕೊಂಡಾಗ ಮಾರಾಟಕ್ಕೆ ಯಾವುದು ಕಾರಣವಾಯಿತೆಂದು ಬೇರ್ಪಡಿಸಿ ತೋರಿಸುವ ತಕ್ಕಡಿ ಯಾವ ನ್ಯಾಯಾಲಯದ ಬಳಿಯೂ ಇಲ್ಲ.

ಇನ್ನೊಂದು ತೊಡಕು ನನಗೆ ಇದಕ್ಕಿಂತ ಹೆಚ್ಚು ನೋವು ತರುತ್ತದೆ. ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್ ನಡೆಸುವ ಅಮೆರಿಕದ ಸರ್ಕಾರಿ ಸಂಸ್ಥೆಯೊಂದರಿಂದ ಚಿಕಿತ್ಸಾ ದರ ಕಡಿತದ ಸುಳಿವು ಮುಂಚಿತವಾಗಿ ಹೊರಬಿದ್ದು, ಹೂಡಿಕೆ ನಿಧಿಯವರು ಅದರಿಂದ ಲಾಭ ಮಾಡಿಕೊಂಡರು ಎಂಬ ಪ್ರಕರಣದಲ್ಲಿ 2018ರಲ್ಲಿ ಶಿಕ್ಷೆಯಾಗಿತ್ತು. 2022ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಇಂಥ ಮಾಹಿತಿ ವಂಚನೆ ಕಾನೂನಿನ ಅರ್ಥದಲ್ಲಿ ಸರ್ಕಾರದ 'ಆಸ್ತಿ' ಅಲ್ಲವಂತೆ! ಕಂಪನಿಯ ಗುಟ್ಟು ಕಂಪನಿಯ ಸ್ವತ್ತು. ಜನರ ತೆರಿಗೆಯಲ್ಲಿ ರೂಪುಗೊಂಡ ಗುಟ್ಟು ಯಾರ ಸ್ವತ್ತೂ ಅಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ.

ಆದ್ದರಿಂದ ಮನಸ್ಸಿನಲ್ಲಿ ಏನಿತ್ತೆಂದು ಹುಡುಕುವ ಬದಲು ಕೈಯನ್ನೇ ಕಟ್ಟಿಹಾಕುವ ನಿಯಮ ಮೇಲು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಈ ದಾರಿ ಹಿಡಿಯಿತು. 2021ರಲ್ಲಿ ಡಲ್ಲಾಸ್ ಮತ್ತು ಬಾಸ್ಟನ್ ಶಾಖೆಗಳ ಅಧ್ಯಕ್ಷರ ವಹಿವಾಟಿನ ಬಗ್ಗೆ ಗದ್ದಲವೆದ್ದು ಇಬ್ಬರೂ ಹುದ್ದೆ ಬಿಟ್ಟ ಮೇಲೆ, ಹಿರಿಯ ಅಧಿಕಾರಿಗಳು ಬಿಡಿ ಕಂಪನಿಗಳ ಷೇರು ಕೊಳ್ಳುವುದನ್ನೇ ನಿಷೇಧಿಸಿತು. ಮ್ಯೂಚುವಲ್ ಫಂಡ್‌ನಂಥ ನಿಧಿಗಳಲ್ಲಿ ಹಣ ಹೂಡುವುದಿದ್ದರೂ 45 ದಿನ ಮೊದಲೇ ತಿಳಿಸಬೇಕು, ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕು. ಇಂಥ ನಿಷೇಧ ಸಂಸದರಿಗೂ ಬರಬೇಕು.

ನಮ್ಮಲ್ಲಿ ಹೇಗೆ? ಬೆಲೆ ಏರಿಳಿಸಬಲ್ಲ ಗುಪ್ತ ಮಾಹಿತಿ ಕೈಯಲ್ಲಿರುವ ಯಾರನ್ನೇ ಆಗಲಿ ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿಯ 2015ರ ನಿಯಮಗಳು 'ಒಳಗಿನವರು' ಎಂದೇ ಪರಿಗಣಿಸುತ್ತವೆ. ಕೇಂದ್ರ ಸರ್ಕಾರಿ ನೌಕರರು ಷೇರುಗಳ ಸಟ್ಟಾ (ಬೆಲೆಯ ಏರಿಳಿತದ ಮೇಲೆ ಜೂಜಾಡುವಂಥ) ವ್ಯವಹಾರಕ್ಕೆ ಇಳಿಯಬಾರದೆಂದು 1964ರ ನಡತೆ ನಿಯಮಗಳ 16ನೇ ನಿಯಮ ಹೇಳುತ್ತದೆ. ಪದೇ ಪದೇ ಕೊಂಡು ಮಾರಿದರೂ ಅದು ಸಟ್ಟಾ ಎನಿಸುತ್ತದೆ. ಸಂಸದರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವರ ಬಳಿ ಯಾವ ಷೇರುಗಳಿವೆ ಎಂಬುದು ಚುನಾವಣಾ ಪ್ರಮಾಣಪತ್ರದಲ್ಲಿ ಸಿಗುತ್ತದೆ. ಗೆದ್ದ ಮೇಲೆ ಯಾವುದನ್ನು ಯಾವ ದಿನ ಮಾರಿದರು ಎಂಬುದು ಅದರಲ್ಲಿ ಇರುವುದಿಲ್ಲ.