ಸಾಕಿದ ಮರಗಪ್ಪೆಗೆ ಯಾವ ನೀರು ಒಳ್ಳೆಯದು?

ಓದುಗರ ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಮಗಳ ಆಸೆಗೆ ಒಂದು ವೈಟ್ಸ್ ಟ್ರೀ ಫ್ರಾಗ್ ತಂದಿದ್ದೇವೆ. ಅದರ ಬಟ್ಟಲಿಗೆ ನಲ್ಲಿ ನೀರನ್ನೇ ಹಾಕುತ್ತೇವೆ. ನಾವು ಕುಡಿಯೋ ನೀರೇ ತಾನೆ? ಆದರೆ ಒಬ್ಬರು ಡಿಸ್ಟಿಲ್ಡ್ ವಾಟರ್ ಹಾಕಿ ಅಂತಾರೆ. ಯಾವುದು ಸರಿ?

ಉತ್ತರ: ನಲ್ಲಿ ನೀರು ಹಾಕಬಹುದು, ಆದರೆ ಕ್ಲೋರಿನ್ ತೆಗೆದ ಮೇಲೆ. ಡಿಸ್ಟಿಲ್ಡ್ ವಾಟರ್ ಬಟ್ಟಲಿಗೆ ಬೇಡ.

ಯಾಕೆ ಅಂತ ತಿಳಿಯಬೇಕಾದರೆ ಇವತ್ತು ರಾತ್ರಿ ದೀಪ ಆರಿಸಿ, ಸ್ವಲ್ಪ ದೂರ ಕೂತು ನೋಡಿ. ಕಪ್ಪೆ ಮೆಲ್ಲಗೆ ಗಾಜಿನಿಂದ ಇಳಿದು ಬರುತ್ತದೆ. ಬಟ್ಟಲಿಗೆ ಹಿಂಗಾಲು ಇಳಿಬಿಟ್ಟು, ಹೊಟ್ಟೆಯನ್ನು ನೀರಿಗೆ ಒತ್ತಿ ಸುಮ್ನೆ ಕೂರುತ್ತದೆ. ಬಾಯಿ ಅಲ್ಲಾಡುವುದೇ ಇಲ್ಲ. ಅದು ನೀರು ಕುಡಿಯುವ ರೀತಿಯೇ ಹಾಗೆ. ಹೊಟ್ಟೆಯ ಕೆಳಗೆ, ತೊಡೆಯ ಹತ್ತಿರದ ತೆಳ್ಳನೆಯ ಚರ್ಮ ನೀರನ್ನು ಹೀರಿಕೊಳ್ಳುತ್ತದೆ. ನೀರಲ್ಲಿ ಏನಿದ್ದರೂ ಅದರ ಜೊತೆಗೆ ಒಳಗೆ ಹೋಗುತ್ತದೆ. ನಾವು ಕುಡಿದ ನೀರು ಹೊಟ್ಟೆಗೆ ಹೋಗುತ್ತದೆ, ಕಪ್ಪೆಗೆ ಮೈಯೆಲ್ಲಾ ಬಾಯಿ ಇದ್ದ ಹಾಗೆ.

ಕ್ಲೋರಿನ್ ಮಾತ್ರ ಇದ್ದರೆ, ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಹೋಗುತ್ತದೆ. ಜನ ಎಡವುವುದು ಇಲ್ಲೇ. ಅಮೆರಿಕದ ಎಷ್ಟೋ ಊರುಗಳಲ್ಲಿ ನೀರಿಗೆ ಕ್ಲೋರಮೈನ್, ಅಂದರೆ ಕ್ಲೋರಿನ್ ಜೊತೆ ಅಮೋನಿಯ ಸೇರಿದ ರಾಸಾಯನಿಕ, ಹಾಕುತ್ತಾರೆ. ಅದು ಹಾಗೆಲ್ಲಾ ಆರಿಹೋಗುವುದಿಲ್ಲ. ನಿಮ್ಮ ಊರಿನ ನೀರು ಸರಬರಾಜಿನವರನ್ನು ಒಮ್ಮೆ ಕೇಳಿಬಿಡಿ. ಅಥವಾ ಅಕ್ವೇರಿಯಂ ಅಂಗಡಿಯಲ್ಲಿ ವಾಟರ್ ಕಂಡಿಷನರ್ ತನ್ನಿ, ಕ್ಲೋರಮೈನ್ ತೆಗೆಯುತ್ತದೆ ಅಂತ ಲೇಬಲ್ ಮೇಲೆ ಬರೆದಿರಬೇಕು. ಅದರಲ್ಲಿ ಹೇಳಿದಷ್ಟೇ ಹಾಕಿ, ಜಾಸ್ತಿ ಬೇಡ.

ಡಿಸ್ಟಿಲ್ಡ್ ವಾಟರ್‌ನಲ್ಲಿ ಲವಣಗಳೇ ಇಲ್ಲ. ಕಪ್ಪೆ ಅದರಲ್ಲಿ ದಿನಾ ಕೂತರೆ ಮೈಯಲ್ಲಿನ ನೀರು, ಉಪ್ಪಿನ ಸಮತೋಲ ಕೆಡುತ್ತದೆ. ಗಾಜಿಗೆ, ಗಿಡಕ್ಕೆ ಸಿಂಪಡಿಸಲು ಬಳಸಿಕೊಳ್ಳಿ, ಬಿಳಿ ಕಲೆ ಕೂರುವುದಿಲ್ಲ.

ಬಟ್ಟಲಿನ ನೀರನ್ನು ದಿನಾ ಬದಲಿಸಿ. ಕಪ್ಪೆ ಅದರಲ್ಲೇ ಉಚ್ಚೆ ಮಾಡುತ್ತದೆ, ಅದರಲ್ಲೇ ಕೂತು ಹೀರುತ್ತದೆ ಕೂಡ. ನೀರು ಸ್ವಚ್ಛ ಕಂಡರೂ ಬದಲಿಸಿ. ಬಟ್ಟಲು ತೊಳೆಯಲು ಬಿಸಿನೀರು, ಬ್ರಶ್ ಸಾಕು, ಸೋಪು ಬೇಡ. ಮಗಳಿಗೂ ಹೇಳಿ: ಲೋಷನ್, ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಅದನ್ನು ಮುಟ್ಟಬಾರದು. ಮುಟ್ಟಲೇಬೇಕಾದರೆ ಕೈಯನ್ನು ಆ ಕಂಡಿಷನರ್ ಹಾಕಿದ ನೀರಲ್ಲೇ ಒದ್ದೆ ಮಾಡಿಕೊಳ್ಳಲಿ. ಆಮೇಲೆ ಸೋಪು ಹಾಕಿ ತೊಳೆಯಲಿ, ಕಪ್ಪೆಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗ ತರುವ ಬ್ಯಾಕ್ಟೀರಿಯಾ ಇರಬಹುದು.

ಒಂದು ದಿನ ಅದು ಬಾಯಿ ಅಗಲಿಸಿ, ಕಣ್ಣು ಮುಚ್ಚಿ, ಮೈ ಕೊಡವಿ ಏನೋ ನುಂಗುವುದು ಕಾಣುತ್ತದೆ. ಉಸಿರು ಕಟ್ಟಿತು ಅಂತ ಹೆದರಬೇಡಿ, ತನ್ನ ಹಳೇ ಚರ್ಮ ಕಳಚಿ ತಿನ್ನುತ್ತಿದೆ. ಆದರೆ ಹೊಟ್ಟೆ, ತೊಡೆಯ ಒಳಭಾಗ ಕೆಂಪಾಗಿದ್ದರೆ, ಮಂಕಾಗಿ ಊಟ ಬಿಟ್ಟರೆ, ಕಾಯಬೇಡಿ. ಸರೀಸೃಪ, ಕಪ್ಪೆ ನೋಡುವ ಪಶುವೈದ್ಯರ ಹತ್ತಿರ ಅದೇ ದಿನ ಕರೆದೊಯ್ಯಿರಿ.

ಹೆಸರಲ್ಲಿ ವೈಟ್ ಇದ್ದರೂ ನಿಮ್ಮದು ಹಸಿರು ಕಪ್ಪೆ. 1790ರಲ್ಲಿ ಇದನ್ನು ವಿವರಿಸಿದ ಜಾನ್ ವೈಟ್ ಅನ್ನುವ ಸರ್ಜನ್ ಹೆಸರು ಅದಕ್ಕೆ ಅಂಟಿಕೊಂಡಿದೆ. ಆಸ್ಟ್ರೇಲಿಯಾ, ನ್ಯೂಗಿನಿಯ ಜೀವಿ. ಚೆನ್ನಾಗಿ ನೋಡಿಕೊಂಡರೆ 15 ವರ್ಷ ದಾಟಿಯೂ ಬದುಕುತ್ತದೆ, ಮಗಳು ಕಾಲೇಜಿಗೆ ಹೋಗುವವರೆಗೂ ಇರಬಹುದು.

ಕೊನೆಗೆ, ಬಟ್ಟಲಿನ ಹಳೇ ನೀರನ್ನು ಹಿತ್ತಲಿಗೆ, ಹೊಳೆ ಕೆರೆಗೆ ಚೆಲ್ಲಬೇಡಿ. ಕೈಟ್ರಿಡ್ ಎಂಬ ಶಿಲೀಂಧ್ರ ರೋಗ ನೀರಿನ ಮೂಲಕವೂ ಹರಡುತ್ತದೆ. ಜಗತ್ತಿನಲ್ಲಿ ಸುಮಾರು 500 ಜಾತಿಯ ಕಪ್ಪೆ ಮತ್ತು ಅವುಗಳ ಬಂಧುಗಳ ಸಂಖ್ಯೆಯನ್ನು ಅದು ಕುಗ್ಗಿಸಿದೆ. ಆ ನೀರನ್ನು ಟಾಯ್ಲೆಟ್‌ಗೆ ಸುರಿದು ಫ್ಲಶ್ ಮಾಡಿ.